ದೊಡ್ಡ ಬಸವಣ್ಣನನ್ನು ಲೇಸರಿನಿಂದ ಅಳೆದರೆ

ಗಾಂಧಿ ಬಜಾರಿನಲ್ಲಿ ಹೂವು ಕೊಳ್ಳುವವರಿಗೆಲ್ಲ ಒಂದು ವಿಷಯ ಗೊತ್ತು: ಎಲ್ಲರ ಮೊಳವೂ ಒಂದೇ ಅಲ್ಲ. ಮೊಳ ಅಂದರೆ ಮೊಣಕೈಯಿಂದ ನಡುಬೆರಳಿನ ತುದಿಯವರೆಗಿನ ಉದ್ದ. ನಮ್ಮ ಮನೆಯ ಉರ್ದುವಿನಲ್ಲಿ ಇದಕ್ಕೆ ‘ಹಾಥ್’ ಅನ್ನುತ್ತೇವೆ. ನಮ್ಮ ಅಮ್ಮಿ ಸಾಲಿನಲ್ಲಿ ಎಷ್ಟೇ ಅಂಗಡಿ ಇದ್ದರೂ ಎತ್ತರದ ಒಬ್ಬ ಅಕ್ಕನ ಹತ್ತಿರವೇ ಮಲ್ಲಿಗೆ ಕೊಳ್ಳುತ್ತಾರೆ. ಕಾರಣ ಕೇಳಿದರೆ “ಅವರ ಕೈ ಉದ್ದ” ಅನ್ನುತ್ತಾರೆ.

ಆ ಅಕ್ಕ ಹತ್ತು ಸಲ ಅಳೆದರೆ ಹತ್ತು ಸಲವೂ ಅಷ್ಟೇ ಉದ್ದ ಬರುತ್ತದೆ. ಇದಕ್ಕೆ ಸ್ಥಿರತೆ ಎನ್ನೋಣ. ಆದರೆ ಅವರ ಮೊಳ ಸರಿಯಾಗಿ 18 ಅಂಗುಲ ಇದೆಯೇ ಎಂಬುದು ಬೇರೆ ಪ್ರಶ್ನೆ. ಅದು ನಿಖರತೆ. ಪಕ್ಕದ ಅಂಗಡಿಯವರ ಮೊಳ ಹದಿನೇಳೂವರೆ ಅಂಗುಲ ಎಂದಿಟ್ಟುಕೊಳ್ಳಿ. ಒಂದು ಮೊಳ ಕೊಂಡರೆ ಅರ್ಧ ಅಂಗುಲದ ವ್ಯತ್ಯಾಸ, ಯಾರ ಕಣ್ಣಿಗೂ ಬೀಳುವುದಿಲ್ಲ. ಮದುವೆ ಮನೆಗೆಂದು ಇಪ್ಪತ್ತು ಮೊಳ ಕೊಂಡರೆ ಹತ್ತು ಅಂಗುಲ, ಅರ್ಧ ಮೊಳಕ್ಕೂ ಮಿಕ್ಕಿ ಹೂವು ಖೋತಾ. ಸಣ್ಣ ಅಳತೆಗೋಲಿನಿಂದ ದೊಡ್ಡದನ್ನು ಅಳೆಯುವಾಗ ಆಗುವುದೇ ಹೀಗೆ. ಲೇಸರ್ ಸ್ಕ್ಯಾನರ್ ಎಂಬ ಲಕ್ಷಾಂತರ ರೂಪಾಯಿಯ ಯಂತ್ರಕ್ಕೂ ಇದೇ ಕಷ್ಟ ತಪ್ಪಿದ್ದಲ್ಲ.

ನಾನು ಕಾಮರ್ಸ್ ವಿದ್ಯಾರ್ಥಿ. ಲೇಸರ್ ವಿಷಯ ನಿನಗೇಕೆ ಎಂದು ಸೈನ್ಸ್ ವಿಭಾಗದವರು ಕೇಳಬಹುದು, ಕೇಳಿಯೂ ಆಗಿದೆ. ಸೈನ್ಸ್‌ನ ನನ್ನ ಗೆಳೆಯನೊಬ್ಬ ಬ್ಯೂಗಲ್ ರಾಕ್ ಪಾರ್ಕಿನಲ್ಲಿ ಕೂತು ಹೇಳಿದ ಮಾತಿನಿಂದ ಇದು ಶುರುವಾಯಿತು. “ಈಗಿನ ಸ್ಕ್ಯಾನರ್‌ಗಳ ನಿಖರತೆ 0.1 ಮಿಲಿಮೀಟರ್. ಪಕ್ಕದಲ್ಲಿರುವ ದೊಡ್ಡ ಬಸವಣ್ಣನನ್ನು ಸ್ಕ್ಯಾನ್ ಮಾಡಿದರೆ ಕಂಪ್ಯೂಟರಿನಲ್ಲಿ ಬರುವ ಬಸವಣ್ಣ 0.1 ಮಿಲಿಮೀಟರಿನಷ್ಟು ನಿಖರವಾಗಿರುತ್ತಾನೆ” ಎಂದ. ಮೊದಲ ವಾಕ್ಯ ನಿಜ. ಎರಡನೆಯ ವಾಕ್ಯ ಅದರಿಂದ ಹುಟ್ಟುವುದಿಲ್ಲ. ಏಕೆ ಹುಟ್ಟುವುದಿಲ್ಲ ಎಂಬುದು ಲೆಕ್ಕಪತ್ರ ಓದುವವರಿಗೆ ಬೇಗ ಅರ್ಥವಾಗುತ್ತದೆ ಎಂಬುದು ನನ್ನ ವಾದ.

ದೊಡ್ಡ ವಸ್ತುವನ್ನು ಅಳೆಯುವುದು ಎಷ್ಟು ಕಷ್ಟ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಒಳ್ಳೆಯ ಉದಾಹರಣೆ ಇದೆ, ಶ್ರವಣಬೆಳಗೊಳದ ಗೊಮ್ಮಟೇಶ್ವರ. ಟಿಪ್ಪು ಸುಲ್ತಾನರ ನಂತರ ಮೈಸೂರು ಸೀಮೆಯನ್ನು ಸುತ್ತಿದ ಬುಕಾನನ್ ಕೊಟ್ಟ ಎತ್ತರ 70 ಅಡಿ 3 ಅಂಗುಲ. ಆರ್ಥರ್ ವೆಲ್ಲೆಸ್ಲಿ ಕೊಟ್ಟದ್ದು 60 ಅಡಿ 3 ಅಂಗುಲ. ಇಬ್ಬರೂ ಅಂಗುಲದವರೆಗೆ ಲೆಕ್ಕ ಕೊಟ್ಟಿದ್ದಾರೆ, ಆದರೆ ಇಬ್ಬರ ನಡುವೆ ಹತ್ತು ಅಡಿ ಅಂತರ! ಕೊನೆಗೆ 1865ರಲ್ಲಿ ಮೈಸೂರಿನ ಚೀಫ್ ಕಮಿಷನರ್ ಬೌರಿಂಗ್ ಅವರು ಎತ್ತರದ ಅಟ್ಟಣೆ ಕಟ್ಟಿಸಿ ಅಳತೆ ಮಾಡಿಸಿದಾಗ 57 ಅಡಿ ಬಂತು. 1871ರ ಮಸ್ತಕಾಭಿಷೇಕದ ಸಮಯದಲ್ಲಿ ಲೋಕೋಪಯೋಗಿ ಇಲಾಖೆಯವರು ಅಂಗಾಂಗಗಳ ಅಳತೆ ತೆಗೆದರು. ಕಿವಿಯ ಕೆಳತುದಿಯವರೆಗೆ 50 ಅಡಿ, ಅಲ್ಲಿಂದ ನೆತ್ತಿಯವರೆಗೆ ‘ಸುಮಾರು’ 6 ಅಡಿ 6 ಅಂಗುಲ. ಆ ‘ಸುಮಾರು’ ಎಂಬ ಪದ ನನಗೆ ತುಂಬಾ ಹಿಡಿಸಿತು. ಯಾವುದನ್ನು ಅಳೆದೆವು, ಯಾವುದನ್ನು ಅಂದಾಜು ಮಾಡಿದೆವು ಎಂದು ಅವರು ಬಿಡಿಸಿ ಹೇಳಿದ್ದಾರೆ. ಇದರ ವಿಷಯಕ್ಕೆ ಮತ್ತೆ ಬರುತ್ತೇನೆ.

ಲೇಸರ್ ಸ್ಕ್ಯಾನರಿಗೆ ಅಟ್ಟಣೆ ಬೇಕಿಲ್ಲ. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಂತು ಅದು ಸುತ್ತಲೂ ಬೆಳಕಿನ ಕಿರಣ ಬಿಡುತ್ತದೆ. ಕಿರಣ ಕಲ್ಲಿಗೆ ಬಡಿದು ವಾಪಸ್ ಬರಲು ಎಷ್ಟು ಹೊತ್ತು ಹಿಡಿಯಿತು ಎಂಬುದರಿಂದ ದೂರ ಗೊತ್ತಾಗುತ್ತದೆ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ಹಾಗಾದರೆ ಒಂದು ಮಿಲಿಮೀಟರ್ ವ್ಯತ್ಯಾಸ ಹಿಡಿಯಬೇಕಾದರೆ ಎಷ್ಟು ಸಣ್ಣ ಕಾಲವನ್ನು ಅಳೆಯಬೇಕು? ಹೋಗಿ ಬರುವ ದಾರಿ 2 ಮಿಲಿಮೀಟರ್. ಭಾಗಿಸಿ ನೋಡಿದರೆ ಒಂದು ಸೆಕೆಂಡನ್ನು ಲಕ್ಷ ಕೋಟಿ ಪಾಲು ಮಾಡಿ ಅದರಲ್ಲಿ ಸುಮಾರು 7 ಪಾಲು. ನನಗೆ ಮೊದಲು ನಂಬಲಾಗಲಿಲ್ಲ, ಕ್ಯಾಲ್ಕುಲೇಟರಿನಲ್ಲಿ ಎರಡು ಸಲ ಮಾಡಿದೆ. ಇಂಥ ಅಳತೆಯನ್ನು ಯಂತ್ರ ಲಕ್ಷಗಟ್ಟಲೆ ಸಲ ಮಾಡುತ್ತದೆ. ಪ್ರತಿ ಸಲವೂ ಒಂದು ಬಿಂದು. ಬಿಂದುಗಳೆಲ್ಲ ಸೇರಿ ರಾಶಿಯಾದಾಗ ವಸ್ತುವಿನ ಆಕಾರ ಮೂಡುತ್ತದೆ. ಒಳ್ಳೆಯ ಯಂತ್ರ 50 ಮೀಟರ್ ದೂರದ ಬಿಂದುವನ್ನು ಕೂಡ 3 ಮಿಲಿಮೀಟರಿನ ಆಸುಪಾಸಿನಲ್ಲಿ ಹಿಡಿಯುತ್ತದೆ.

ಹತ್ತಿರದ ಕೆಲಸಕ್ಕೆ ಕೈಯಲ್ಲಿ ಹಿಡಿಯುವ ಸ್ಕ್ಯಾನರ್‌ಗಳು ಬೇರೆ ಇವೆ. ಅವುಗಳಲ್ಲಿ ಕೆಲವು ಲೇಸರ್ ಗೆರೆ ಎಳೆಯುತ್ತವೆ, ಕೆಲವು ಪಟ್ಟೆ ಪಟ್ಟೆ ಬೆಳಕು ಚೆಲ್ಲುತ್ತವೆ. ಉಬ್ಬುತಗ್ಗು ಇದ್ದಲ್ಲಿ ಪಟ್ಟೆ ಡೊಂಕಾಗುತ್ತದೆ. ಆ ಡೊಂಕನ್ನು ಕ್ಯಾಮೆರಾ ನೋಡಿ ಆಳ ಲೆಕ್ಕ ಹಾಕುತ್ತದೆ. ಗೆಳೆಯ ಹೇಳಿದ 0.1 ಮಿಲಿಮೀಟರ್ ಇಂಥ ಯಂತ್ರಗಳದ್ದು.

ಈಗ ಬಸವಣ್ಣನ ಮುಂದೆ ಯಂತ್ರ ಇಟ್ಟಿದ್ದೇವೆ ಎಂದುಕೊಳ್ಳಿ. ಒಂದೇ ಬಂಡೆಯಲ್ಲಿ ಕಡೆದ ಮೂರ್ತಿ, ಎತ್ತರ ಸುಮಾರು 15 ಅಡಿ, ಉದ್ದ ಸುಮಾರು 20 ಅಡಿ. ಮೊದಲ ತೊಂದರೆ ಬಣ್ಣ. ಎಣ್ಣೆ ಮತ್ತು ಮಸಿ ತಿಕ್ಕಿ ತಿಕ್ಕಿ ಬೂದು ಬಣ್ಣದ ಕಲ್ಲು ಈಗ ಕಡುಕಪ್ಪಾಗಿ ಮಿರುಗುತ್ತದೆ. ನೋಡಲು ಬಹಳ ಚೆಂದ, ಲೇಸರಿಗೆ ಮಾತ್ರ ದೊಡ್ಡ ಶತ್ರು. ಕಪ್ಪು ಬಣ್ಣ ಬೆಳಕನ್ನು ಹೀರಿಕೊಳ್ಳುತ್ತದೆ, ವಾಪಸ್ ಬರುವುದು ಸ್ವಲ್ಪ. ಹೊಳಪಿನ ಮೇಲ್ಮೈ ಬೆಳಕನ್ನು ಕನ್ನಡಿಯಂತೆ ಬೇರೆ ದಿಕ್ಕಿಗೆ ಎಸೆಯುತ್ತದೆ. ಕಾರ್ಖಾನೆಯಲ್ಲಿ ಇಂಥ ವಸ್ತುಗಳಿಗೆ ಬಿಳಿ ಪುಡಿ ಸಿಂಪಡಿಸಿ ಸ್ಕ್ಯಾನ್ ಮಾಡುತ್ತಾರೆ. ದಿನಾ ಪೂಜೆ ನಡೆಯುವ ಮೂರ್ತಿಗೆ ಹಾಗೆ ಪುಡಿ ಎರಚಲು ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಇನ್ನೊಂದು ಮಾತು. ಯಂತ್ರ ಅಳೆಯುವುದು ಕಲ್ಲನ್ನಲ್ಲ, ತನಗೆ ಕಾಣುವ ಮೇಲ್ಮೈಯನ್ನು. ಬೆಣ್ಣೆ ಅಲಂಕಾರದ ದಿನ ಸ್ಕ್ಯಾನ್ ಮಾಡಿದರೆ ಬೆಣ್ಣೆಯ ಅಳತೆ ಸಿಗುತ್ತದೆ.

ಎರಡನೆಯದು ಕೋನ. ಲೇಸರ್ ಬಿಂದು ಅಂದರೆ ನಿಜವಾಗಿ ಬಿಂದುವಲ್ಲ, ಕೆಲವು ಮಿಲಿಮೀಟರ್ ಅಗಲದ ಒಂದು ಚುಕ್ಕೆ. ದೂರ ಹೋದಷ್ಟೂ ಅದು ಹಿಗ್ಗುತ್ತದೆ. ನೇರವಾಗಿ ಬಡಿದರೆ ದುಂಡಗಿರುತ್ತದೆ, ಓರೆಯಾಗಿ ಬಡಿದರೆ ಉದ್ದುದ್ದಕ್ಕೆ ಹರಡಿಕೊಳ್ಳುತ್ತದೆ. ಟಾರ್ಚನ್ನು ಗೋಡೆಗೆ ಓರೆಯಾಗಿ ಹಿಡಿದು ನೋಡಿ, ಗೊತ್ತಾಗುತ್ತದೆ. ಆ ಹರಡಿದ ಜಾಗದಲ್ಲಿ ಯಾವ ಬಿಂದುವಿನ ದೂರವನ್ನು ಯಂತ್ರ ಹೇಳಬೇಕು? ಕೊಂಬಿನ ಅಂಚಿನಲ್ಲಿ ಇನ್ನೂ ತಮಾಷೆ. ಅರ್ಧ ಚುಕ್ಕೆ ಕೊಂಬಿನ ಮೇಲೆ, ಇನ್ನರ್ಧ ಹಿಂದಿನ ಗೋಡೆಯ ಮೇಲೆ. ಯಂತ್ರ ಎರಡನ್ನೂ ಬೆರೆಸಿ ನಡುವೆ ಗಾಳಿಯಲ್ಲಿ ಒಂದು ಬಿಂದು ತೋರಿಸುತ್ತದೆ. ಅಲ್ಲಿ ಕೊಂಬೂ ಇಲ್ಲ, ಗೋಡೆಯೂ ಇಲ್ಲ.

ಇವೆಲ್ಲ ಒಂದು ಸ್ಕ್ಯಾನಿನ ಒಳಗಿನ ತಪ್ಪುಗಳು. ನನ್ನ ಪ್ರಕಾರ ದೊಡ್ಡ ತಪ್ಪು ಹುಟ್ಟುವುದು ಹೊಲಿಗೆಯಲ್ಲಿ.

ಒಂದೇ ಜಾಗದಿಂದ ಬಸವಣ್ಣ ಪೂರ್ತಿ ಕಾಣುವುದಿಲ್ಲ. ಮುಂದಿನಿಂದ ಒಂದು, ಬಲಕ್ಕೊಂದು, ಹಿಂದಕ್ಕೊಂದು, ಹೀಗೆ ಪ್ರದಕ್ಷಿಣೆ ಹಾಕುತ್ತಾ ಸ್ಕ್ಯಾನ್ ಮಾಡಬೇಕು. ಕೈಯಲ್ಲಿ ಹಿಡಿಯುವ ಯಂತ್ರವಾದರೆ ಒಂದು ಸಲಕ್ಕೆ ಬಿಚ್ಚಿದ ಪತ್ರಿಕೆಯಷ್ಟು ಜಾಗ ಮಾತ್ರ. ತುಂಡುಗಳನ್ನೆಲ್ಲ ಅಂಚಿಗೆ ಅಂಚು ಹೊಂದಿಸಿ ಸಾಫ್ಟ್‌ವೇರ್ ಜೋಡಿಸುತ್ತದೆ. ಪ್ರತಿ ಜೋಡಣೆಯಲ್ಲೂ ಕೂದಲೆಳೆಯಷ್ಟು ತಪ್ಪು, ಅದರ ಮೇಲೆ ಇನ್ನೊಂದು ಜೋಡಣೆ. ಹೂವಿನ ಮೊಳದ ಕಥೆಯೇ ಇದು. ತಪ್ಪುಗಳು ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಆದರೆ ಸ್ವಲ್ಪ ಮಟ್ಟಿಗೆ ಪರಸ್ಪರ ವಜಾ ಆಗುತ್ತವೆ. ಎಲ್ಲವೂ ಒಂದೇ ಕಡೆಗೆ ವಾಲಿದರೆ ಕೂಡುತ್ತಾ ಹೋಗುತ್ತವೆ. ಯಂತ್ರ ಮಾರುವವರಿಗೂ ಇದು ಗೊತ್ತಿದೆ. ಒಂದು ಹೆಸರಾಂತ ಕೈ ಸ್ಕ್ಯಾನರಿನ ವಿವರಪಟ್ಟಿಯಲ್ಲಿ ದಪ್ಪ ಅಕ್ಷರದಲ್ಲಿ 0.1 ಮಿಲಿಮೀಟರ್ ಎಂದಿದ್ದರೆ, ಕೆಳಗೆ ಇನ್ನೊಂದು ಸಾಲು ಇದೆ: ದೂರ ಹೋದಂತೆ ಮೀಟರಿಗೆ 0.3 ಮಿಲಿಮೀಟರ್ ಸೇರಿಸಿಕೊಳ್ಳಿ ಎಂದು. 20 ಅಡಿ ಅಂದರೆ ಸುಮಾರು 6 ಮೀಟರ್. 0.3ನ್ನು 6ರಿಂದ ಗುಣಿಸಿ 0.1 ಕೂಡಿದರೆ 1.9 ಮಿಲಿಮೀಟರ್. ಗೆಳೆಯ ಹೇಳಿದ್ದಕ್ಕೆ 19 ಪಟ್ಟು! ಅದೂ ಎಲ್ಲ ಸರಿಯಾಗಿ ನಡೆದರೆ, ಕಲ್ಲು ಕಪ್ಪಗೆ ಹೊಳೆಯದೇ ಇದ್ದರೆ.

ಇದನ್ನು ನಾವೇ ಪರೀಕ್ಷೆ ಮಾಡಿದೆವು. ಗೆಳೆಯನ ಅಣ್ಣನ ಫೋನಿನಲ್ಲಿ ಸಣ್ಣ ಲೇಸರ್ ಸೆನ್ಸರ್ ಇದೆ. ಶನಿವಾರ ಕ್ಲಾಸ್ ಮುಗಿದ ಮೇಲೆ ಅನುಮತಿ ಪಡೆದು ಕಾಲೇಜಿನ ಮೊದಲ ಮಹಡಿಯ ಕಾರಿಡಾರನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಮೂರು ಸಲ ಸ್ಕ್ಯಾನ್ ಮಾಡಿದೆವು. ಒಂದೊಂದು ಬಾಗಿಲಿನ ಅಗಲ ಟೇಪಿನ ಅಳತೆಗೆ ಹೊಂದಿತು. ಇಡೀ ಕಾರಿಡಾರಿನ ಉದ್ದ ಮೂರು ಸಲವೂ ಹೆಚ್ಚುಕಮ್ಮಿ ಒಂದೇ ಬಂತು. ಗೆಳೆಯನಿಗೆ ಖುಷಿಯೋ ಖುಷಿ. ಟೇಪ್ ಹಿಡಿದು ನೋಡಿದರೆ ಮೂರೂ ಸಲ ಅರ್ಧ ಗೇಣು ಜಾಸ್ತಿ. ಬರೀ ಸುಣ್ಣದ ಗೋಡೆ ಇರುವ ಜಾಗದಲ್ಲಿ ತುಂಡಿಗೆ ತುಂಡು ಹೊಂದಿಸಲು ಸಾಫ್ಟ್‌ವೇರಿಗೆ ಗುರುತೇ ಸಿಗುವುದಿಲ್ಲ, ಅಲ್ಲಿ ಜಾರಿಬಿಡುತ್ತದೆ. ಮೂರು ಸಲ ಒಂದೇ ಉತ್ತರ ಬಂತು ಅಂದ ಮಾತ್ರಕ್ಕೆ ಅದು ಸರಿ ಉತ್ತರ ಅಲ್ಲ.

ಕಾಮರ್ಸ್‌ನವರು ಇಲ್ಲಿ ಕಿವಿ ನೆಟ್ಟಗೆ ಮಾಡಿಕೊಳ್ಳಿ. ಫಸ್ಟ್ ಪಿಯುಸಿಯಲ್ಲಿ ಟ್ರಯಲ್ ಬ್ಯಾಲೆನ್ಸ್ ಓದಿದ್ದೇವೆ. ಡೆಬಿಟ್, ಕ್ರೆಡಿಟ್ ಎರಡೂ ಕಡೆ ತಾಳೆಯಾದರೆ ಲೆಕ್ಕ ಸರಿ ಎಂದು ಎಷ್ಟೊಂದು ಜನ ಭಾವಿಸುತ್ತಾರೆ. ಮೇಡಂ ಮಾತ್ರ ಮೊದಲ ದಿನವೇ ಹೇಳಿದ್ದರು: ಒಂದು ವ್ಯವಹಾರವನ್ನು ಬರೆಯುವುದನ್ನೇ ಬಿಟ್ಟರೂ ತಾಳೆಯಾಗುತ್ತದೆ, ಒಂದು ತಪ್ಪು ಇನ್ನೊಂದನ್ನು ಮುಚ್ಚಿದರೂ ತಾಳೆಯಾಗುತ್ತದೆ. ಸ್ಕ್ಯಾನಿಂಗ್ ಸಾಫ್ಟ್‌ವೇರ್ ಕೂಡ ಜೋಡಣೆ ಮುಗಿಸಿ “ಸರಾಸರಿ ತಪ್ಪು ಇಷ್ಟು” ಎಂದು ಒಂದು ಸಣ್ಣ ಸಂಖ್ಯೆ ತೋರಿಸುತ್ತದೆ. ಅದು ತುಂಡು ತುಂಡಿಗೆ ಎಷ್ಟು ಹೊಂದಿತು ಎಂಬ ಲೆಕ್ಕ, ತನ್ನ ಪುಸ್ತಕವನ್ನು ತಾನೇ ತಾಳೆ ನೋಡಿಕೊಂಡಂತೆ. ಇಡೀ ಮಾದರಿ ಬಿಲ್ಲಿನಂತೆ ಬಾಗಿದ್ದರೂ ಆ ಸಂಖ್ಯೆ ಸಣ್ಣದಾಗಿಯೇ ಇರಬಹುದು.

ಹಾಗಾದರೆ ಸತ್ಯ ಗೊತ್ತಾಗುವುದು ಹೇಗೆ? ಕ್ಯಾಷ್ ಬುಕ್ ಸರಿಯೇ ಎಂದು ನೋಡಲು ನಾವು ಬ್ಯಾಂಕಿನ ಪಾಸ್‌ಬುಕ್ ತರಿಸಿಕೊಳ್ಳುತ್ತೇವೆ. ಅದು ನಾವು ಬರೆದದ್ದಲ್ಲ, ಹೊರಗಿನವರು ಬರೆದದ್ದು. ಸ್ಕ್ಯಾನಿಂಗ್‌ನಲ್ಲಿ ಆ ಪಾಸ್‌ಬುಕ್ ಎಂದರೆ ವಸ್ತುವಿನ ಸುತ್ತ ಮೊದಲೇ ಅಂಟಿಸಿದ ಗುರುತುಗಳು. ಅವುಗಳ ನಡುವಿನ ದೂರವನ್ನು ಸರ್ವೆಯವರು ಬಳಸುವ ಟೋಟಲ್ ಸ್ಟೇಷನ್ ಎಂಬ ಬೇರೆ ಯಂತ್ರದಿಂದ ಅಳೆದಿಟ್ಟುಕೊಳ್ಳುತ್ತಾರೆ. ಮಾದರಿ ತಯಾರಾದ ಮೇಲೆ ಅದರಲ್ಲಿ ಅದೇ ದೂರಗಳು ಬರುತ್ತವೆಯೇ ಎಂದು ನೋಡುತ್ತಾರೆ. ಕೆಲವು ಗುರುತುಗಳನ್ನು ಜೋಡಣೆಗೆ ಬಳಸದೆ ಪರೀಕ್ಷೆಗೆಂದೇ ಎತ್ತಿಡಬೇಕು, ಇಲ್ಲದಿದ್ದರೆ ಅದೂ ಮನೆಯ ಪುಸ್ತಕವೇ ಆಗಿಬಿಡುತ್ತದೆ.

ಈ ಉಪಾಯ ಹೊಸದೇನಲ್ಲ, ನಮ್ಮ ಬೆಂಗಳೂರಿನಲ್ಲಿ ಇನ್ನೂರು ವರ್ಷಗಳ ಹಿಂದೆಯೇ ನಡೆದಿದೆ. ವಿಲಿಯಂ ಲ್ಯಾಂಬ್ಟನ್ ಅವರು 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಸುಮಾರು ಏಳೂವರೆ ಮೈಲಿಯ ಗೆರೆಯನ್ನು ಸರಪಳಿ ಹಿಡಿದು ಅಳೆದರು. ಅಲ್ಲಿಂದ ಬೆಟ್ಟದಿಂದ ಬೆಟ್ಟಕ್ಕೆ ಬರೀ ಕೋನಗಳನ್ನು ಅಳೆಯುತ್ತಾ, ತ್ರಿಕೋನದ ಪಕ್ಕ ತ್ರಿಕೋನ ಜೋಡಿಸುತ್ತಾ ಸರ್ವೆ ಬೆಂಗಳೂರಿಗೆ ಬಂತು. ಸ್ಕ್ಯಾನ್ ತುಂಡುಗಳ ಹೊಲಿಗೆಯ ಹಾಗೆಯೇ ಇದೂ ಒಂದು ಹೊಲಿಗೆ. ತಪ್ಪು ಎಷ್ಟು ಸೇರಿಕೊಂಡಿದೆ ಎಂದು ತಿಳಿಯಲು 1804ರಲ್ಲಿ ಬೆಂಗಳೂರಿನ ಬಳಿ ಏಳು ಮೈಲಿಗೂ ಮಿಕ್ಕಿದ ಇನ್ನೊಂದು ಗೆರೆಯನ್ನು ನೆಲದ ಮೇಲೆ ನಿಜವಾಗಿ ಅಳೆದರು. ತ್ರಿಕೋನಗಳ ಲೆಕ್ಕದಿಂದ ಬಂದ ಉದ್ದಕ್ಕೂ ನೆಲದ ಮೇಲೆ ಅಳೆದ ಉದ್ದಕ್ಕೂ ಇದ್ದ ವ್ಯತ್ಯಾಸ ನಾಲ್ಕು ಅಂಗುಲಕ್ಕಿಂತ ಕಡಿಮೆ. ಲೇಸರ್ ಇಲ್ಲ, ಕಂಪ್ಯೂಟರ್ ಇಲ್ಲ. ಇದನ್ನು ಓದಿದ ದಿನ ನಾನು ಗೆಳೆಯನಿಗೆ ಫೋನ್ ಮಾಡಿ ಹೇಳಿದೆ, ಅವನು “ಆಯ್ತಪ್ಪಾ ಲ್ಯಾಂಬ್ಟನ್ ಸಾಹೇಬ” ಎಂದು ಫೋನ್ ಇಟ್ಟ.

ಇನ್ನೊಂದು ವಿಷಯ ಉಳಿದಿದೆ, ತೂತುಗಳು. ಕೆಳಗೆ ನಿಂತು ಸ್ಕ್ಯಾನ್ ಮಾಡಿದರೆ ಬಸವಣ್ಣನ ಬೆನ್ನಿನ ಮೇಲ್ಭಾಗ ಕಾಣುವುದಿಲ್ಲ. ಮಡಚಿದ ಕಾಲುಗಳ ಸಂದು ಕಾಣುವುದಿಲ್ಲ. ಮಾದರಿಯಲ್ಲಿ ಅಲ್ಲೆಲ್ಲ ತೂತು. ನೋಡಲು ಚೆನ್ನಾಗಿರಲಿ ಎಂದು ಸಾಫ್ಟ್‌ವೇರ್ ಸುತ್ತಲಿನ ಆಕಾರ ನೋಡಿ ತೂತನ್ನು ನಯವಾಗಿ ಮುಚ್ಚಿಬಿಡುತ್ತದೆ. ಇದು ನಮ್ಮ ಸಸ್ಪೆನ್ಸ್ ಅಕೌಂಟ್! ತಾಳೆಯಾಗದ ಮೊತ್ತವನ್ನು ಅಲ್ಲಿ ಹಾಕಿ ಸದ್ಯಕ್ಕೆ ಸಮ ಮಾಡುವುದು. ವ್ಯತ್ಯಾಸ ಏನೆಂದರೆ ನಾವು ಅದಕ್ಕೆ ‘ಸಸ್ಪೆನ್ಸ್’ ಎಂದು ಹೆಸರು ಬರೆಯುತ್ತೇವೆ. ಕಂಪ್ಯೂಟರಿನ ಬಸವಣ್ಣನ ಬೆನ್ನಿನ ಮೇಲೆ ಹಾಗೆ ಯಾರೂ ಬರೆದಿರುವುದಿಲ್ಲ.

ಕಡಲೆಕಾಯಿ ಪರಿಷೆಗೆ ಹೋದವರೆಲ್ಲ ಒಂದು ಕಥೆ ಕೇಳಿರುತ್ತೀರಿ. ಬಸವಣ್ಣ ಬೆಳೆಯುತ್ತಲೇ ಇದ್ದ, ತಲೆಯ ಮೇಲೆ ತ್ರಿಶೂಲ ನೆಟ್ಟ ಮೇಲೆ ನಿಂತ ಎಂದು ಹಿರಿಯರು ಹೇಳುತ್ತಾರೆ. ನಂಬಿಕೆಯನ್ನು ಅಳೆಯುವ ಉದ್ದೇಶ ನನ್ನದಲ್ಲ. ಆದರೆ ಆ ಕಥೆ ಒಂದು ಒಳ್ಳೆಯ ಲೆಕ್ಕ ಕೊಡುತ್ತದೆ. ಈ ವರ್ಷ ಒಂದು ಸ್ಕ್ಯಾನ್, ಹತ್ತು ವರ್ಷದ ನಂತರ ಇನ್ನೊಂದು. ಎರಡರಲ್ಲೂ 2 ಮಿಲಿಮೀಟರ್ ಹೆಚ್ಚುಕಮ್ಮಿ ಇರಬಹುದು. ಎರಡನ್ನೂ ಹೋಲಿಸಿದಾಗ 2 ಮಿಲಿಮೀಟರ್ ವ್ಯತ್ಯಾಸ ಕಂಡರೆ ಏನು ಹೇಳಬಹುದು? ಏನೂ ಹೇಳುವ ಹಾಗಿಲ್ಲ. ಬೆಳೆದ ಎನ್ನುವ ಹಾಗೂ ಇಲ್ಲ, ಬೆಳೆದಿಲ್ಲ ಎನ್ನುವ ಹಾಗೂ ಇಲ್ಲ. ಬಸವಣ್ಣನ ಬದಲು ಹಳೆಯ ಗೋಪುರವೊಂದರ ಬಿರುಕು ಎಂದುಕೊಳ್ಳಿ. ಬಿರುಕು ಅಗಲವಾಗುತ್ತಿದೆಯೇ, ಕಟ್ಟಡಕ್ಕೆ ಊರುಗೋಲು ಕೊಡಬೇಕೇ ಎಂಬುದನ್ನು ಇದೇ ಲೆಕ್ಕ ನಿರ್ಧರಿಸುತ್ತದೆ. ತಪ್ಪಿನ ಪ್ರಮಾಣ ಗೊತ್ತಿಲ್ಲದ ಮಾದರಿ ಅಲ್ಲಿ ಬರೀ ಚಿತ್ರ.

ಮೂಲವೇ ಹೋದಾಗ ಮಾದರಿಯ ಬೆಲೆ ಗೊತ್ತಾಗುತ್ತದೆ. ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚನ್ನು ಆಂಡ್ರ್ಯೂ ಟ್ಯಾಲನ್ ಎಂಬ ಪ್ರಾಧ್ಯಾಪಕರು 2010ರಲ್ಲಿ ಸ್ಕ್ಯಾನ್ ಮಾಡಿದ್ದರು, ನೂರು ಕೋಟಿಗೂ ಹೆಚ್ಚು ಬಿಂದುಗಳು. 2019ರ ಏಪ್ರಿಲ್‌ನಲ್ಲಿ ಚಾವಣಿ ಸುಟ್ಟುಹೋಯಿತು. ಮತ್ತೆ ಕಟ್ಟುವವರಿಗೆ ಆ ಬಿಂದುಗಳು ಕೆಲಸಕ್ಕೆ ಬಂದವು. ಟ್ಯಾಲನ್ ಅವರು 2018ರಲ್ಲೇ ತೀರಿಕೊಂಡಿದ್ದರು.

ಅಷ್ಟು ದೂರ ಹೋಗುವುದೇ ಬೇಡ. ಬಿ. ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟವಾಗಿ ಪ್ರಕಟಿಸಿದರು. ಆಗ ಹೊಲದಲ್ಲಿ, ಕೆರೆ ಏರಿಯ ಮೇಲೆ ಇದ್ದ ಎಷ್ಟೋ ಕಲ್ಲುಗಳು ಈಗ ಲೇಔಟು, ರಸ್ತೆ, ಚರಂಡಿಗಳ ಕೆಳಗೆ ಹೋಗಿವೆ. ಹೆಬ್ಬಾಳದ ಕಿತ್ತಯ್ಯನ ಕಲ್ಲು ಸುಮಾರು ಕ್ರಿ.ಶ. 750ರದ್ದು, ಬೆಂಗಳೂರಿನಲ್ಲಿ ಸಿಕ್ಕ ಅತಿ ಹಳೆಯ ಕನ್ನಡ ಶಾಸನ ಎನ್ನುತ್ತಾರೆ. ಅದು ಜನರ ಕಣ್ಣಿಗೆ ಬಿದ್ದದ್ದು 2018ರಲ್ಲಿ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯವರು ಈಗ ಇಂಥ ಕಲ್ಲುಗಳನ್ನು ಹುಡುಕಿ ಹುಡುಕಿ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಹಿಂದೆ ಒದ್ದೆ ಕಾಗದವನ್ನು ಕಲ್ಲಿಗೆ ಒತ್ತಿ, ಮಸಿ ಹಚ್ಚಿ ಪಡಿಯಚ್ಚು ತೆಗೆಯುತ್ತಿದ್ದರು. ಕಾಗದಕ್ಕೆ ಹಿಡಿಯದ ಸವೆದ ಅಕ್ಷರವನ್ನು ಸ್ಕ್ಯಾನ್ ಮಾದರಿಯಲ್ಲಿ ಬೆಳಕಿನ ದಿಕ್ಕು ಬದಲಿಸಿ ಬದಲಿಸಿ ಓದಬಹುದು.

ಇಲ್ಲಿ ಬೇಕಾದ ನಿಖರತೆ ಬಸವಣ್ಣನಿಗೆ ಬೇಕಾದಂಥದ್ದಲ್ಲ. ಕಲ್ಲಿನ ಒಟ್ಟು ಉದ್ದ 2 ಮಿಲಿಮೀಟರ್ ತಪ್ಪಿದರೆ ಓದುವವರಿಗೆ ನಷ್ಟವಿಲ್ಲ. ಆದರೆ ಬಿಂದುವಿನಿಂದ ಬಿಂದುವಿಗೆ ಅಂತರ ಎಷ್ಟು ಎಂಬುದು ಮುಖ್ಯ. ಬಿಂದುಗಳು 6 ಮಿಲಿಮೀಟರಿಗೆ ಒಂದರಂತೆ ಬಿದ್ದರೆ 5 ಮಿಲಿಮೀಟರಿನ ಗುರುತು ಜಾರಿಹೋಗಬಹುದು, ಒಂದೊಂದು ಬಿಂದು ಎಷ್ಟೇ ನಿಖರವಾಗಿರಲಿ. ‘ದ’ ಮತ್ತು ‘ಧ’ಗಳ ನಡುವೆ ಇರುವುದು ಒಂದು ಸಣ್ಣ ಸೀಳು. ನಮ್ಮ ಲಿಪಿಯಲ್ಲಿ ಇನ್ನೂ ನಾಜೂಕು. ಪಾರಸಿ ಶಾಸನಗಳಲ್ಲಿ ಸಾಮಾನ್ಯವಾಗಿ ಅಕ್ಷರ ಕೊರೆಯುವುದಿಲ್ಲ, ಸುತ್ತಲಿನ ಕಲ್ಲನ್ನು ತೆಗೆದು ಅಕ್ಷರವನ್ನು ಉಬ್ಬಿಸುತ್ತಾರೆ. ಬೇ, ತೇ, ನೂನ್, ಯೇ ಈ ನಾಲ್ಕೂ ಪದದ ಮಧ್ಯೆ ಬಂದಾಗ ಒಂದೇ ಹಲ್ಲಿನ ಆಕಾರ. ಮೇಲೆ ಕೆಳಗೆ ಇರುವ ಚುಕ್ಕೆಯಿಂದ ಮಾತ್ರ ಯಾವುದು ಎಂದು ತಿಳಿಯಬೇಕು. ಅಬ್ಜದ್ ಪದ್ಧತಿಯಲ್ಲಿ ಅಕ್ಷರಗಳೇ ಅಂಕಿಗಳು: ಬೇ 2, ಯೇ 10, ನೂನ್ 50, ತೇ 400. ವಿಜಯಪುರದ ಗೋಲ್ ಗುಂಬಜ್‌ನ ದಕ್ಷಿಣ ಬಾಗಿಲಿನ ಮೇಲೆ ಮೂರು ಪಾರಸಿ ವಾಕ್ಯಗಳಿವೆ. ಪ್ರತಿಯೊಂದರ ಅಕ್ಷರಗಳನ್ನು ಕೂಡಿದರೂ 1067 ಬರುತ್ತದೆ, ಮುಹಮ್ಮದ್ ಆದಿಲ್ ಶಾಹ್ ತೀರಿಕೊಂಡ ಹಿಜರಿ ವರ್ಷ. ಇಂಥ ವಾಕ್ಯದಲ್ಲಿ ತೇ ಮೇಲಿನ ಎರಡು ಚುಕ್ಕೆಯಲ್ಲಿ ಒಂದನ್ನು ಸ್ಕ್ಯಾನರ್ ನುಂಗಿದರೆ ಅದು ನೂನ್ ಆಗುತ್ತದೆ, 400 ಹೋಗಿ 50 ಬರುತ್ತದೆ. ಒಬ್ಬ ಸುಲ್ತಾನ ಮೂರೂವರೆ ಶತಮಾನ ಮೊದಲೇ ಸತ್ತಂತೆ!

ಶಾಸನಗಳ ಪುಸ್ತಕದಲ್ಲಿ ಓದಲಾಗದ ಅಕ್ಷರ ಬಂದಾಗ ಸಂಪಾದಕರು ಊಹೆ ಬರೆಯುವುದಿಲ್ಲ, ಸಾಲಾಗಿ ಚುಕ್ಕೆ ಇಟ್ಟು ಬಿಡುತ್ತಾರೆ. ಗೊಮ್ಮಟನನ್ನು ಅಳೆದವರು ‘ಸುಮಾರು’ ಎಂದು ಬರೆದದ್ದೂ ಅದೇ ಥರ. ಮೂರು ಆಯಾಮದ ಮಾದರಿ ಮಾಡುವವರೂ ಸಾಫ್ಟ್‌ವೇರ್ ತುಂಬಿಸಿದ ಭಾಗಕ್ಕೆಲ್ಲ ಬೇರೆ ಬಣ್ಣ ಕೊಡಬೇಕು, ಕೆಂಪೋ ಹಸಿರೋ ಯಾವುದಾದರೂ ಸರಿ. ಪರೀಕ್ಷೆಗೆ ಎತ್ತಿಟ್ಟ ಗುರುತುಗಳಲ್ಲಿ ಎಷ್ಟು ತಪ್ಪು ಬಂತು ಎಂಬುದನ್ನು ಮಾದರಿಯ ಜೊತೆಯಲ್ಲೇ ಇಡಬೇಕು. ಗೆಳೆಯ ಇದಕ್ಕೆ ಒಪ್ಪಿದ್ದಾನೆ, ಆದರೆ ಅರ್ಧ ಬೆನ್ನು ಕೆಂಪಗಿರುವ ಬಸವಣ್ಣನನ್ನು ಯಾರು ನೋಡುತ್ತಾರೆ ಎಂದು ಕೇಳುತ್ತಾನೆ. ನಾನು ನೋಡುತ್ತೇನೆ.